ಸೌಟಿನ ಯೆರ್ಕೊ ದುಬ್ರೋವ್ನಿಕ್‌ಗೆ ಹೊರಟಿದ್ದು

ನಮ್ಮೂರಲ್ಲಿ ಮನುಷ್ಯನಿಗೆ ಎರಡು ಸಲ ಹೆಸರಿಡುತ್ತಾರೆ. ಮೊದಲನೆಯದು ಪಾದ್ರಿ ಇಡುವುದು. ಎರಡನೆಯದು ದಂಡೆಯ ಮೇಲಿರುವ ನನ್ನ ಕಾಫಿ ಅಂಗಡಿಯಲ್ಲಿ ಕೂತ ಗಂಡಸರು ಇಡುವುದು. ಪಾದ್ರಿ ಇಟ್ಟ ಹೆಸರು ಗೋರಿಯ ಕಲ್ಲಿಗಷ್ಟೇ ಉಪಯೋಗಕ್ಕೆ ಬರುತ್ತದೆ. ಯೆರ್ಕೊಗೆ ಈ ಗಂಡಸರು ಇಟ್ಟ ಹೆಸರು ಸೌಟು.

ಅವನು ಆಯುಷ್ಯವೆಲ್ಲ ಸರಕು ಹಡಗುಗಳಲ್ಲಿ ಅಡುಗೆ ಮಾಡಿದವನು. ಡರ್ಬನ್, ಸಿಂಗಪುರ, ಸ್ಯಾಂಟೋಸ್ ಎಲ್ಲ ಸುತ್ತಿ ಬಂದಿದ್ದಾನೆ. ಆದರೆ ಎಲ್ಲಿ ಹೋದರೂ ನೋಡಿದ್ದು ಈರುಳ್ಳಿ ಹೆಚ್ಚುವ ಮಣೆಯನ್ನೇ. ನಮ್ಮ ದ್ವೀಪದಲ್ಲಿ ಹಡಗಿನ ಅಡುಗೆಯವನನ್ನು ಕಡಲಿಗ ಅಂತ ಯಾರೂ ಒಪ್ಪುವುದಿಲ್ಲ. ಚುಕ್ಕಾಣಿ ಹಿಡಿದವನು ಕಡಲಿಗ, ಎಂಜಿನ್ನಿನ ಹತ್ತಿರ ಕಿವುಡನಾದವನು ಅರ್ಧ ಕಡಲಿಗ, ಅಡುಗೆಯವನು ಹೆಂಗಸಿಗೆ ಸಮ. ಇದನ್ನು ನನ್ನಂಥ ಹೆಂಗಸಿನ ಎದುರಿಗೇ ಹೇಳುತ್ತಾರೆ, ಮೇಲೆ ಇನ್ನೊಂದು ಕಾಫಿಯನ್ನೂ ಕೇಳುತ್ತಾರೆ.

ಯೆರ್ಕೊ ಕಡಲಲ್ಲಿದ್ದಾಗಲೇ ಹೆಂಡತಿ ತೀರಿಕೊಂಡಳು. ಮಗಳು ದಾನಿತ್ಸಾ ಆಗಿನ್ನೂ ಚಿಕ್ಕವಳು. ಅವಳನ್ನು ಬೆಳೆಸಿದವನು ಲೂಯೊ. ಲೂಯೊ ಅವಳ ಕೂಮ. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡವನು ಕೂಮನಾಗುತ್ತಾನೆ, ಮಗುವಿನ ಅಪ್ಪನೂ ಅವನೂ ಒಬ್ಬರನ್ನೊಬ್ಬರು ಕೂಮಾ ಅಂತಲೇ ಕರೆಯುತ್ತಾರೆ, ಆ ನಂಟು ರಕ್ತದ ನಂಟಿಗಿಂತ ಗಟ್ಟಿ. ಅದನ್ನು ಮುರಿದವನ ಮನೆಗೆ ನಮ್ಮಲ್ಲಿ ಯಾರೂ ಬೆಂಕಿಯನ್ನೂ ಕೊಡುವುದಿಲ್ಲ. ಲೂಯೊ ಫೆರಿಯಲ್ಲಿ ಅಧಿಕಾರಿಯಾಗಿದ್ದವನು. ಎತ್ತರದ ಆಳು, ಗಟ್ಟಿ ಗಂಟಲು, ಊರು ನಗುವುದೆಲ್ಲ ಅವನು ನಗಿಸಿದಾಗಲೇ. ಬಿರುಗಾಳಿಯಲ್ಲಿ ತನ್ನ ದೋಣಿಯಲ್ಲೇ ಜ್ವರ ಬಂದ ಆ ಹುಡುಗಿಯನ್ನು ಶಿಬೆನಿಕ್ ಆಸ್ಪತ್ರೆಗೆ ಮುಟ್ಟಿಸಿದವನು ಅವನು. ಮದುವೆಯ ದಿನ ಅವಳ ಕೈ ಹಿಡಿದು ಇಗರ್ಜಿಯೊಳಗೆ ನಡೆಸಿದವನೂ ಅವನೇ, ಯಾಕೆಂದರೆ ಆವತ್ತು ಅಪ್ಪನ ಹಡಗು ಯಾವುದೋ ಬಂದರಿನಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಯೆರ್ಕೊ ನಿವೃತ್ತನಾಗಿ ಬರುವಷ್ಟರಲ್ಲಿ ಮಗಳು ದುಬ್ರೋವ್ನಿಕ್‌ನ ಸೊಸೆಯಾಗಿದ್ದಳು. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. "ಊಟ ಆಯ್ತಾ ಅಪ್ಪ? ಕೂಮ ಅಲ್ಲೇ ಇದಾನಾ? ಕೊಡು ಅವನಿಗೆ." ಆಮೇಲಿನ ಅರ್ಧ ಗಂಟೆಯ ನಗು ಲೂಯೊನ ಪಾಲು. ಯೆರ್ಕೊ ತನ್ನದೇ ಫೋನು ವಾಪಸ್ಸು ಬರಲಿ ಅಂತ ಪಕ್ಕದಲ್ಲಿ ಕಾಯುತ್ತಾ ನಿಂತಿರುತ್ತಿದ್ದ.

ಆ ಚಳಿಗಾಲದಲ್ಲಿ ದಾನಿತ್ಸಾಗೆ ಗಂಡು ಮಗು ಹುಟ್ಟಿತು. ಜ್ಞಾನಸ್ನಾನ ಬೇಸಿಗೆಗೆ ಅಂತಾಯಿತು. ಯೆರ್ಕೊ ಒಂದು ಬೆಳಿಗ್ಗೆ ಅಂಗಡಿಗೆ ಬಂದು, ಟೋಪಿ ತೆಗೆದು, ಸಭೆಯಲ್ಲಿ ಭಾಷಣ ಮಾಡುವವನ ಹಾಗೆ ಹೇಳಿದ:

"ನಾನು ಅಪ್ಪನ ದೋಣಿ ತಗೊಂಡು ದುಬ್ರೋವ್ನಿಕ್‌ಗೆ ಹೋಗ್ತೀನಿ. ಹಾಯಿ ಬಿಚ್ಕೊಂಡು, ಒಂದು ವಾರದಲ್ಲಿ. ದೋಣಿ ಅಲ್ಲೇ ಮೊಮ್ಮಗನಿಗೆ ಬಿಟ್ಟು ಬಸ್ಸಲ್ಲಿ ವಾಪಸ್ ಬರ್ತೀನಿ."

"ಬಸ್ಸಲ್ಲೇ ಹೋಗಿ ಬಸ್ಸಲ್ಲೇ ಬಾ ಬಾರ್ಬಾ, ಸೊಂಟಕ್ಕೆ ಒಳ್ಳೇದು," ಅಂದೆ ನಾನು. ವಯಸ್ಸಾದವರನ್ನು ನಾವು ಬಾರ್ಬಾ ಅನ್ನುವುದು.

"ಬಸ್ಸಲ್ಲಿ ಬಂದೋನು ನೆಂಟ ಕಣೇ ಫೀಲಾ. ಅವಳ ಮದುವೆಗೆ ನಾನು ಬರ್ಲಿಲ್ಲ. ಅವಳ ಅಮ್ಮನ ಮಣ್ಣಿಗೂ ಬರ್ಲಿಲ್ಲ. ಒಂದ್ಸಲ ಆದ್ರೂ ಅವಳು ದಂಡೆ ಮೇಲೆ ನಿಂತು, ಅಗೋ ನಮ್ಮಪ್ಪ ಬಂದ ಅಂತ ನೋಡ್ಬೇಕು."

ಇಷ್ಟೇ ಅವನ ಆಸೆ. ಹೇಳಿದ್ದು ಊರಿನ ಮುಂದೆ, ಅದೇ ಅವನು ಮಾಡಿದ ತಪ್ಪು. ನಮ್ಮೂರ ಮುಂದೆ ಆಸೆ ಹೇಳಿಕೊಳ್ಳುವುದೂ ಒಂದೇ, ಬೆಕ್ಕಿಗೆ ಮೀನು ತೋರಿಸುವುದೂ ಒಂದೇ.

ಲೂಯೊ ಎದ್ದು ಬಂದು ಅವನನ್ನು ತಬ್ಬಿಕೊಂಡ. "ಭಲೇ ಕೂಮಾ! ದಾರಿ ನಾನು ಹಾಕ್ಕೊಡ್ತೀನಿ."

ಚಳಿಗಾಲ ಪೂರ್ತಿ ನನ್ನ ಕಿಟಕಿಯ ಪಕ್ಕದ ಮೇಜು ಈ ಯಾನಕ್ಕೇ ಮೀಸಲಾಯಿತು. ಕಡಲಿನ ನಕ್ಷೆ ಹರಡಿ, ರಾತ್ರಿ ತಂಗುವ ಊರಿನ ಮೇಲೆಲ್ಲ ಯೆರ್ಕೊ ಒಂದೊಂದು ಆಲಿವ್ ಬೀಜ ಇಡುತ್ತಿದ್ದ. ಬೇಸಿಗೆಯಲ್ಲಿ ಮಾಯೆಸ್ತ್ರಾಲ್ ಗಾಳಿ ವಾಯವ್ಯದಿಂದ ಬೀಸುತ್ತದೆ, ದಕ್ಷಿಣಕ್ಕೆ ಹೋಗುವವನನ್ನು ಬೆನ್ನು ತಟ್ಟಿ ಕಳಿಸುತ್ತದೆ. ತಿರುಗಿ ಬರುವವನಿಗೆ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಸಣ್ಣ ಹಾಯಿದೋಣಿಯಲ್ಲಿ ಒಂದು ಕಡೆಯ ಪಯಣವೇ ಬುದ್ಧಿವಂತಿಕೆ ಅನ್ನುವುದು ಎಲ್ಲರೂ ಒಪ್ಪುವ ಮಾತು. ಒಪ್ಪದೇ ಇದ್ದದ್ದು ಯೆರ್ಕೊ ಬಂದರು ಆರಿಸುವ ರೀತಿಯನ್ನು. ಅವನು ಮೊದಲು ಅಡುಗೆ ಗೊತ್ತು ಮಾಡುತ್ತಿದ್ದ, ಆಮೇಲೆ ಬಂದರು.

"ಮೊದಲ್ನೇ ರಾತ್ರಿ ಪ್ರಿಮೋಶ್ತೆನ್. ಅವತ್ತು ಬೀನ್ಸ್ ಕಾಳಿನ ಸಾರು, ಮನೆಯಿಂದಾನೇ ಮಾಡ್ಕೊಂಡು ಹೋಗಿರ್ತೀನಿ. ಮಾರನೇ ದಿನ ಮಾಸ್ಲಿನಿತ್ಸಾ. ಅಲ್ಲಿ ಬೆಳಿಗ್ಗೆ ಮೀನು ಸಿಗತ್ತೆ."

"ಮೀನು ಸಿಗದೇ ಇದ್ರೆ ಕೂಮಾ?" ಲೂಯೊ ಗಂಭೀರವಾಗಿ ಕೇಳುತ್ತಿದ್ದ.

"ಸಿಗದೇ ಇದ್ರೆ... ಸೀದಾ ಹ್ವಾರ್‌ಗೆ ಹೋಗೋದು."

"ಹ್ವಾರ್‌ಗೆ ಹೋಗೋ ದಾರೀಲಿ ಗಾಳಿ ನಿಂತ್ರೆ? ಸೌಟು ಹಾಕಿ ಹುಟ್ಟು ಹೊಡೀತೀಯಾ?"

ಮೇಜು ಗೊಳ್ಳೆನ್ನುತ್ತಿತ್ತು. ಯೆರ್ಕೊ ಬೀಜಗಳನ್ನೆಲ್ಲ ಬಾಚಿಕೊಂಡು ಮತ್ತೆ ಮೊದಲಿಂದ ಇಡುತ್ತಿದ್ದ. ಕೊರ್ಚುಲಾದಲ್ಲಿ ಎರಡು ರಾತ್ರಿ ಅನ್ನುವವನು ಮಾರನೇ ದಿನ ಅದನ್ನು ಒಂದಕ್ಕಿಳಿಸಿ, ಮ್ಲ್ಯೆತ್ ದ್ವೀಪಕ್ಕೊಂದು ರಾತ್ರಿ ಕೊಡುತ್ತಿದ್ದ. ಕೊನೆಯ ರಾತ್ರಿ ಶಿಪಾನ್‌ನಲ್ಲಿ ಕ್ಷೌರ ಮಾಡಿಕೊಂಡು, ಬಿಳಿ ಅಂಗಿ ಹಾಕಿಕೊಂಡು, ಬೆಳಿಗ್ಗೆ ದುಬ್ರೋವ್ನಿಕ್ ಹಳೇ ಬಂದರಿಗೆ. ಈ ಕೊನೆಯ ಭಾಗವನ್ನು ಅವನು ಒಂದು ದಿನವೂ ಬದಲಾಯಿಸಲಿಲ್ಲ.

ನಗೆಪಾಟಲು ಹೇಗೇ ಇರಲಿ, ಯೋಜನೆ ಸೊಗಸಾಗಿತ್ತು. ಎಲ್ಲೆಲ್ಲಿ ಬಂಡೆ, ಎಲ್ಲಿ ಆಸರೆ, ಯಾವ ಭೂಶಿರವನ್ನು ಮಧ್ಯಾಹ್ನದೊಳಗೆ ದಾಟಿಬಿಡಬೇಕು, ಎಲ್ಲವನ್ನೂ ಕೇಳಿ ಕೇಳಿ ಬಾಯಿಪಾಠ ಮಾಡಿದ್ದ. ದೋಣಿಯ ಕೆಲಸ ಮಾತ್ರ ಅವನಿಗೆ ಬಾರದು. ಅದನ್ನು ಲೂಯೊ ವಹಿಸಿಕೊಂಡ.

"ದೋಣಿ ಚಿಂತೆ ನಂಗೆ ಬಿಡು ಕೂಮಾ. ಸಂದು ತುಂಬಿಸಿ, ಬಣ್ಣ ಹೊಡ್ದು, ನೀರಿಗಿಳಿಸಿ ಕೊಡ್ತೀನಿ."

ಚಳಿಗಾಲವಿಡೀ ಒಣಗಿದ ಮರದ ದೋಣಿಯನ್ನು ನೀರಿಗಿಳಿಸಿ ಹಾಗೇ ಹೊರಟರೆ ಆಗದು. ಹಲಗೆಗಳು ಕುಗ್ಗಿ ಸಂದು ಬಾಯಿಬಿಟ್ಟಿರುತ್ತವೆ. ದಂಡೆಯ ಹತ್ತಿರ ನೀರಲ್ಲಿ ಬಿಟ್ಟು, ಮರ ನೀರು ಕುಡಿದು ಉಬ್ಬಿ, ತಾನಾಗಿ ಸಂದು ಮುಚ್ಚಿಕೊಳ್ಳುವವರೆಗೂ ಕಾಯಬೇಕು. ಇದು ನಮ್ಮೂರ ಕೋಳಿಗೂ ಗೊತ್ತು. ಆದರೆ ಹರೆಯದಲ್ಲೇ ಕಬ್ಬಿಣದ ಹಡಗು ಹತ್ತಿ, ಅಡುಗೆಮನೆಯಲ್ಲೇ ಮುದುಕನಾದವನಿಗೆ ಗೊತ್ತಿರಲಿಲ್ಲ.

ಹೊರಡುವ ಶನಿವಾರ ಬ್ಯಾಂಡಿನವರೂ ಬಂದರು. ಪಾದ್ರಿ ನೀರು ಚಿಮುಕಿಸಿದರು. ಹೊಸ ಬಣ್ಣದಲ್ಲಿ ದೋಣಿ ಮದುವೆ ಹೆಣ್ಣಿನ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಯೆರ್ಕೊ ಹೊಸ ಟೋಪಿ ಹಾಕಿಕೊಂಡು, ಹಾಯಿ ಎತ್ತಿ, ಯಾರಿಗೂ ಡಿಕ್ಕಿ ಹೊಡೆಯದೆ ಬಂದರಿನಿಂದ ಆಚೆ ಹೋದ. ಚೆನ್ನಾಗಿಯೇ ಹೋದ, ಯಾಕೆ ಸುಳ್ಳು ಹೇಳಲಿ.

ಅವನು ಭೂಶಿರದ ಹಿಂದೆ ಮರೆಯಾದದ್ದೇ ತಡ, ಲೂಯೊ ಕುರ್ಚಿ ಎಳೆದು ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ದೋಣಿ ನಿನ್ನೆ ಸಂಜೆವರ್ಗೂ ನನ್ನ ಕೊಟ್ಟಿಗೇಲಿತ್ತು ಕಣ್ರೋ! ಒಂದು ಹನಿ ನೀರು ಕುಡ್ದಿಲ್ಲ. ಸಂದು ಮೇಲೆ ಬರೀ ಬಣ್ಣ ಬಳ್ದಿದೀನಿ. ಇನ್ನೇನು ಬರ್ತಾನೆ ನೋಡಿ, ಕಾಲ್ಚೀಲ ನೆನೆಸ್ಕೊಂಡು, ಸೌಟಲ್ಲಿ ನೀರು ಎತ್ತಿ ಹಾಕ್ತಾ!"

ಎಲ್ಲರೂ ನಕ್ಕರು. ಕಣ್ಣಮುಂದೆ ಚಿತ್ರ ಬಂತು, ನನಗೂ ನಗು ಬಂತು. ಸಂಜೆಯಾದರೂ ಯೆರ್ಕೊ ಬರಲಿಲ್ಲ. ಲೂಯೊನ ನಗು ಸ್ವಲ್ಪ ತೆಳುವಾಗಿ, ಅವನು ಮತ್ತೆ ಮತ್ತೆ ಕಡಲ ಕಡೆ ನೋಡತೊಡಗಿದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಎಲ್ಲರೂ ಕೇಳಲಿ ಅಂತ ಮೇಜಿನ ಮೇಲಿಟ್ಟ.

"ಕೂಮಾ, ಪ್ರಿಮೋಶ್ತೆನ್ ಮುಟ್ಟಿದೆ," ಅಂದಿತು ಯೆರ್ಕೊನ ದನಿ. "ದೋಣಿ ಹಕ್ಕಿ ಹಾಗೆ ಹಾರ್ತು."

ಲೂಯೊ ಬೆರಗಾದ. "ಒಳಗೆ ನೀರು ಗೀರು?"

"ಇಲ್ವಲ್ಲ. ನಿನ್ನ ಕೆಲಸ ಅಂದ್ರೆ ಕೆಲಸ."

ಮಾರನೇ ದಿನ ಬಲೆ ಎತ್ತಲು ಹೋಗಿದ್ದ ಲೂಯೊನ ಭಾವಮೈದ ಸುದ್ದಿ ತಂದ. ಯೆರ್ಕೊ ಪ್ರಿಮೋಶ್ತೆನ್‌ನಲ್ಲಿರಲಿಲ್ಲ. ಕಣ್ಣಳತೆ ದೂರದಲ್ಲಿ, ಕಾಕಾನ್ ದ್ವೀಪದ ಹಿಂದಿನ ಒಂದು ಕೊಲ್ಲಿಯಲ್ಲಿದ್ದ. ದೋಣಿ ಮರಳಿಗೆ ಮೂತಿಯಿಟ್ಟಿತ್ತು, ದಡದಲ್ಲಿ ಒಲೆ ಹೊಗೆಯಾಡುತ್ತಿತ್ತು.

ಅಲ್ಲಿಂದ ಶುರುವಾಯಿತು ನಮ್ಮೂರ ಜಾತ್ರೆ. ಸಂಜೆ ಫೋನು ಬರುವ ಹೊತ್ತಿಗೆ ನನ್ನ ಅಂಗಡಿಯಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ. ಎಲ್ಲರೂ ಬಾಯಿಗೆ ಕರವಸ್ತ್ರ ತುರುಕಿಕೊಂಡು ಕೂರುತ್ತಿದ್ದರು. ಮೂರನೇ ದಿನ ಯೂಗೊ ಎದ್ದಿತು. ಆಗ್ನೇಯದ ಬಿಸಿ ಗಾಳಿ ಅದು, ಅದರೆದುರು ದಕ್ಷಿಣಕ್ಕೆ ಯಾವ ಹಾಯಿಯೂ ಹೋಗಲಾರದು. ನನ್ನ ಅಂಗಡಿಯ ಚಪ್ಪರದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಎಲ್ಲಿದ್ದೀಯ ಕೂಮಾ?"

"ಹ್ವಾರ್‌ನಲ್ಲಿ. ಚೌಕದಲ್ಲಿ ಕೂತಿದೀನಿ. ಜನ ಅಂದ್ರೆ ಜನ."

"ಗಾಳಿ ಯಾವ್ದು?"

ಆ ಕಡೆಯಿಂದಲೂ ಗಾಳಿಯ ಸದ್ದು ಕೇಳುತ್ತಿತ್ತು, ಅದೇ ಯೂಗೊ.

"ಮಾಯೆಸ್ತ್ರಾಲ್," ಅಂದ ಯೆರ್ಕೊ. "ಬೆನ್ನು ತಟ್ತಾ ಇದೆ."

ಫೋನು ಇಟ್ಟ ಮೇಲೆ ಎದ್ದ ನಗುವಿಗೆ ನನ್ನ ಲೋಟಗಳು ಅದುರಿದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೊರ್ಚುಲಾದ ಗಂಟೆ ಎಷ್ಟು ಹೊಡೆಯಿತು ಅಂತ ಒಬ್ಬ ಕೇಳಿದರೆ, ಮ್ಲ್ಯೆತ್‌ನಲ್ಲಿ ಮೇಕೆ ಮಾಂಸ ಹೇಗಿತ್ತು ಅಂತ ಇನ್ನೊಬ್ಬ. ಯೆರ್ಕೊ ಎಲ್ಲಕ್ಕೂ ವಿವರವಾಗಿ ಉತ್ತರ ಕೊಡುತ್ತಿದ್ದ. ಚಳಿಗಾಲದಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಈಗ ಒದಗಿ ಬರುತ್ತಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ಒಂದು ವರ್ಷ ನಕ್ಕು ಮರೆಯುತ್ತಿದ್ದೆವೋ ಏನೋ. ಲೂಯೊಗೆ ಸಾಲಲಿಲ್ಲ. ಅವನು ದಾನಿತ್ಸಾಗೆ ಫೋನು ಮಾಡಿದ.

"ನಿಮ್ಮಪ್ಪ ಅಲ್ಲಿಗೆ ಬರಲ್ಲ ಪುಟ್ಟಾ, ನೀನೇ ಇಲ್ಲಿಗ್ ಬಾ. ಶನಿವಾರ ಒಂದು ತಮಾಷೆ ಇದೆ. ಮಗೂನೂ ಕರ್ಕೊಂಡ್ ಬಾ. ಅವನಿಗ್ ಮಾತ್ರ ಹೇಳ್ಬೇಡ."

ಶನಿವಾರ ನಮ್ಮೂರ ದೋಣಿಗಳೆಲ್ಲ ಸಾಲಾಗಿ ಕಾಕಾನ್ ಕಡೆ ಹೊರಟವು. ಮುಂದಿನ ದೋಣಿಯಲ್ಲಿ ಲೂಯೊ, ಪಕ್ಕದಲ್ಲಿ ಮಗು ಎತ್ತಿಕೊಂಡ ದಾನಿತ್ಸಾ. ಹಿಂದಿನದರಲ್ಲಿ ಬ್ಯಾಂಡು. ನಾನೂ ಅಂಗಡಿ ಮುಚ್ಚಿ ಹೋದೆ, ಇಂಥಾದ್ದನ್ನು ಬಿಟ್ಟು ಯಾರಿಗೆ ಕಾಫಿ ಮಾರಲಿ? ಕೊಲ್ಲಿಯ ತಿರುವು ದಾಟುತ್ತಿದ್ದಂತೆ ಬ್ಯಾಂಡು ಶುರುವಾಯಿತು. ಲೂಯೊ ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂಗಿದ:

"ದುಬ್ರೋವ್ನಿಕ್‌ಗೆ ಸುಸ್ವಾಗತ ಕೂಮಾ!"

ಯೆರ್ಕೊ ಒಲೆಯ ಮುಂದೆ ಕೂತು ಮೀನಿನ ಸಾರು ಕಲಕುತ್ತಿದ್ದ. ಸೊಂಟಕ್ಕೆ ಚೀಲದ ಬಟ್ಟೆ ಕಟ್ಟಿಕೊಂಡಿದ್ದ. ಎದ್ದು ನಿಂತ. ಮೊದಲು ಬ್ಯಾಂಡನ್ನು ನೋಡಿದ, ಆಮೇಲೆ ಲೂಯೊನನ್ನು, ಆಮೇಲೆ ಮಗಳನ್ನು. ಮಗಳನ್ನು ನೋಡಿದಾಗ ಕೈಯಲ್ಲಿದ್ದ ಸೌಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಅದು ಕಂಡು ಜನ ಇನ್ನೂ ಜೋರಾಗಿ ನಕ್ಕರು.

ನಾನು ದೋಣಿಯಿಂದಿಳಿದು ಹತ್ತಿರ ಹೋದೆ. ಅವನ ದೋಣಿಯ ಒಳಗೆ ನೋಡಿದೆ. ಸಂದು ಸಂದಿಗೂ ಹಂದಿಕೊಬ್ಬು ಮೆತ್ತಿದ ಚಿಂದಿ ತುರುಕಿತ್ತು. ಚಿಂದಿಗೆ ಹರಿದದ್ದು ದುಬ್ರೋವ್ನಿಕ್‌ಗೆ ಅಂತ ಇಟ್ಟುಕೊಂಡಿದ್ದ ಆ ಬಿಳಿ ಅಂಗಿ. ನೀರು ಎತ್ತಿ ಹಾಕುವ ಡಬ್ಬದ ಹಿಡಿಯಲ್ಲಿ ರಕ್ತದ ಕಲೆ ಇತ್ತು, ಅವನ ಅಂಗೈ ಸುಲಿದು ಹೋಗಿತ್ತು. ಹೊರಟ ದಿನವೇ ಮುಳುಗಬೇಕಾದ ದೋಣಿಯನ್ನು ಹೇಗೋ ಇಲ್ಲಿಗೆ ಮುಟ್ಟಿಸಿ, ಹಗಲೂ ರಾತ್ರಿ ನೀರು ಎತ್ತಿ ಹಾಕುತ್ತಾ, ಮರ ನೀರು ಕುಡಿಯಲಿ ಅಂತ ಕಾದಿದ್ದಾನೆ. ಕುಡಿಯುವ ಹೊತ್ತಿಗೆ ಯೂಗೊ ಎದ್ದಿದೆ.

ದಾನಿತ್ಸಾಗೆ ಇದ್ಯಾವುದೂ ಗೊತ್ತಿಲ್ಲ. ಅವಳು ದೋಣಿಗೆ ಮೆತ್ತಿದ ಕೊಬ್ಬು ನೋಡಿ ಮೂಗು ಮುಚ್ಚಿಕೊಂಡಳು.

"ಇದೇನಪ್ಪ, ದೋಣೀನಾ ಬಾಣಲೀನಾ? ಒಂದು ವಾರದಿಂದ ಇಲ್ಲೇ ಇದ್ಯಾ? ನಂಗೆ ದಿನಾ ಫೋನ್ ಮಾಡಿ ಹ್ವಾರು, ಕೊರ್ಚುಲಾ ಅಂತಿದ್ಯಲ್ಲ!"

ನನಗೆ ತಡೆಯಲಾಗಲಿಲ್ಲ. "ದಾನಿತ್ಸಾ, ಕೇಳು ಇಲ್ಲಿ. ನಿನ್ನ ಕೂಮ ಈ ದೋಣೀನ..."

"ಫೀಲಾ!" ಯೆರ್ಕೊ ಅಂಥ ದನಿಯಲ್ಲಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಒಂದೇ ಹೆಜ್ಜೆಗೆ ಬಂದು ಸಾರಿನ ಸೌಟನ್ನು ನನ್ನ ಬಾಯಿಗೇ ಇಟ್ಟ. "ಉಪ್ಪು ಸರಿ ಇದ್ಯಾ ನೋಡು." ಆಮೇಲೆ ಮಗಳ ಕಡೆ ತಿರುಗಿ ಹಲ್ಲು ಕಿರಿದ. "ಹೆದರ್ಕೊಂಡ್ಬಿಟ್ಟೆ ಪುಟ್ಟಾ. ಅಲೆ ನೋಡಿ ಎದೆ ಹೊಡ್ಕೊಳ್ತು. ನಾನು ಸೌಟೇ ತಾನೇ. ಕೂಮ ದೋಣಿ ಚೆನ್ನಾಗೇ ಮಾಡ್ಕೊಟ್ಟಿದ್ದ, ನಂಗೇ ಧೈರ್ಯ ಇರ್ಲಿಲ್ಲ."

ಲೂಯೊ ಅವನ ಮುಖ ನೋಡಿದ. ಅವನಿಗೆ ಅರ್ಥವಾಯಿತು, ಅದು ನನಗೆ ಕಂಡಿತು. ಆಮೇಲೆ ಬ್ಯಾಂಡಿನವರ ಕಡೆ ಕೈ ಬೀಸಿದ, ಅವರು ಇನ್ನೊಂದು ಹಾಡು ಹಿಡಿದರು.

ಎಲ್ಲರೂ ದಡದಲ್ಲಿ ಕೂತು ಸಾರು ತಿಂದರು, ಮೆಕ್ಕೆಜೋಳದ ಮುದ್ದೆಯನ್ನು ಅದ್ದಿ ಅದ್ದಿ. ಅಂಥ ಸಾರು ಈ ಕರಾವಳಿಯಲ್ಲಿ ಇನ್ನೊಬ್ಬ ಮಾಡಲಾರ. ತಟ್ಟೆ ನೆಕ್ಕಿದವರೇ ಎದ್ದು, "ಸೌಟಿನ ಕೆಲಸ ಸೌಟಿಗೇ ಚೆಂದ" ಅಂದರು.

ತಿಂದಾದ ಮೇಲೆ ದಾನಿತ್ಸಾ ಹೇಳಿದಳು: "ನಂಗೆ ಈ ತಮಾಷೆ ಎಲ್ಲ ಬೇಡ. ಮುಂದಿನ ಭಾನುವಾರ ಜ್ಞಾನಸ್ನಾನ. ಮಗೂಗೆ ದೋಣಿ ಅಂತ ಎಲ್ಲರ ಹತ್ರಾನೂ ಹೇಳ್ಬಿಟ್ಟಿದೀನಿ, ಗಂಡನ ಮನೇಲಿ ನನ್ನ ಮುಖಕ್ಕೆ ನಗ್ತಾರೆ. ಕೂಮಾ, ನೀನೇ ತಂದ್ಕೊಡು."

"ನಾನಾ?" ಅಂದ ಲೂಯೊ. ಒಮ್ಮೆಗೇ ಒಪ್ಪಿಕೊಳ್ಳಲಿಲ್ಲ ಅನ್ನುವುದನ್ನು ಹೇಳಲೇಬೇಕು. ಯೆರ್ಕೊ ಕಡೆ ನೋಡಿದ.

"ಹೋಗ್ಬಾ ಕೂಮಾ," ಅಂದ ಯೆರ್ಕೊ. "ನಾಳೆ ಯೂಗೊ ಇಳಿಯತ್ತೆ." ದೋಣಿಯೊಳಗಿನಿಂದ ನಕ್ಷೆ ತಂದು ಅವನ ಕೈಗಿಟ್ಟ. ಅದರ ಮೇಲೆಲ್ಲ ಆಲಿವ್ ಎಣ್ಣೆಯ ಕಲೆ.

ಎಲ್ಲರೂ ಹೊರಟ ಮೇಲೆ ಪಾತ್ರೆ ತೊಳೆಯಲು ನಾನು ಉಳಿದೆ. ಲೂಯೊ ಮೇಲೆ ಬಂದದ್ದಕ್ಕಿಂತ ಹೆಚ್ಚು ಕೋಪ ನನಗೆ ಈ ಮನುಷ್ಯನ ಮೇಲೆ ಬಂದಿತ್ತು.

"ಕತ್ತೆ ಕಣೋ ನೀನು, ಕತ್ತೆ! ಅವನು ನಿನ್ನ ಮುಳುಗಿಸೋಕೆ ಕಳ್ಸಿದ್ದು ಗೊತ್ತಿಲ್ವಾ ನಿಂಗೆ?"

"ಅರ್ಧ ದಾರೀಲಿ ಮೊಣಕಾಲಿಗೆ ನೀರು ಬಂದಾಗ್ಲೇ ಗೊತ್ತಾಯ್ತು," ಅಂದ ಮರಳಲ್ಲಿ ಬಾಣಲೆ ಉಜ್ಜುತ್ತಾ. "ಮುಳುಗಿಸೋಕಲ್ಲ, ನಗೋಕೆ. ಮುಳುಗ್ತೀನಿ ಅಂತ ಅವನಿಗೆ ಹೊಳ್ದಿರ್ಲಿಲ್ಲ ಅಷ್ಟೇ."

"ಹಾಗಾದ್ರೆ ಹೇಳ್ಬೇಕಿತ್ತು! ಮಗಳ ಮುಂದೆ!"

"ಹೇಳಿ ಏನಾಗ್ಬೇಕಿತ್ತು? ಅವಳಿಗೆ ಜ್ವರ ಬಂದಾಗ ಎತ್ಕೊಂಡ್ ಹೋದೋನು ಅವನು. ಅವಳ ಮದುವೆಗೆ ನಿಂತೋನು ಅವನು. ಅವಳಿಗೆ ಅಪ್ಪ ಅಂತ ಇದ್ದಿದ್ದು ಅವನೊಬ್ನೇ. ಆ ಅಪ್ಪ ಇಂಥೋನು ಅಂತ ಗೊತ್ತಾದ್ರೆ ಅವಳಿಗ್ ಏನ್ ಉಳೀತು ಹೇಳು. ನಾನಾ?"

ನಾನು ಅವನ ಅಂಗೈಗೆ ರಾಕಿಯಾ ಸಾರಾಯಿ ಸುರಿದೆ. ಉರಿಗೆ ಕಾಲು ಕುಣಿಸಿದ, ನನಗೆ ಅಳು ಬಂತು.

ಯೆರ್ಕೊ ಹೇಳಿದಂತೆ ಯೂಗೊ ಇಳಿಯಿತು, ಮಾಯೆಸ್ತ್ರಾಲ್ ಎದ್ದಿತು. ನಮ್ಮನ್ನು ಊರಿಗೆ ಮುಟ್ಟಿಸಿದ ಆ ದೋಣಿಯಲ್ಲೇ ಲೂಯೊ ಹೊರಟ. ಅದೇ ಬ್ಯಾಂಡು, ಅದೇ ಪಾದ್ರಿ. ಮುಂದಿನ ಶನಿವಾರ ನಾನು, ಯೆರ್ಕೊ ಬಸ್ಸಿನಲ್ಲಿ ದುಬ್ರೋವ್ನಿಕ್‌ಗೆ ಹೋದೆವು. ಅವನಿಗೆ ಬಸ್ಸಿನಲ್ಲಿ ವಾಂತಿಯಾಯಿತು. ಹಳೇ ಬಂದರಿನ ದಂಡೆಯ ಮೇಲೆ ದಾನಿತ್ಸಾ ಮಗುವನ್ನೆತ್ತಿಕೊಂಡು, ಗಂಡನ ಮನೆಯವರೊಂದಿಗೆ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಕೋಟೆ ಗೋಡೆಯ ಮಗ್ಗುಲಿನಿಂದ ಯೆರ್ಕೊನ ದೋಣಿಯ ಓರೆ ಹಾಯಿ ತೇಲಿ ಬಂತು. ಲೂಯೊ ನೇರ ನಿಂತು ಚುಕ್ಕಾಣಿ ಹಿಡಿದಿದ್ದ. ಕ್ಷೌರ ಮಾಡಿಕೊಂಡಿದ್ದ, ಬಿಳಿ ಅಂಗಿ ಹಾಕಿಕೊಂಡಿದ್ದ.

"ಅಗೋ, ಬಂದ!" ದಾನಿತ್ಸಾ ಕುಣಿದಳು. ಎರಡೂ ಕೈ ಬೀಸಬೇಕಿತ್ತು ಅವಳಿಗೆ. ಹಿಂದಕ್ಕೆ ತಿರುಗದೆಯೇ ಮಗುವನ್ನು ಅಪ್ಪನ ಕೈಗೆ ಕೊಟ್ಟಳು. ಯೆರ್ಕೊ ಸುಲಿದ ಅಂಗೈ ಮಗುವಿಗೆ ತಾಕದಂತೆ ಮೊಣಕೈ ಮೇಲೆ ಮಲಗಿಸಿಕೊಂಡ.

ಹಗ್ಗ ಎಸೆಯುವಷ್ಟು ಹತ್ತಿರ ಬಂದಾಗ ಯೆರ್ಕೊನೇ ಕೂಗಿ ಕೇಳಿದ. "ನೀರು ಬಂತಾ ಕೂಮಾ?"

ಲೂಯೊ ತಲೆಯೆತ್ತಲಿಲ್ಲ. ಹಗ್ಗ ಬಿಚ್ಚುತ್ತಲೇ ಹೇಳಿದ. "ಒಂದು ಹನೀನೂ ಇಲ್ಲ."

ದಾನಿತ್ಸಾ ಹೆಮ್ಮೆಯಿಂದ ಅಪ್ಪನ ಕಡೆ ತಿರುಗಿದಳು. "ಕೇಳಿದ್ಯಾ ಅಪ್ಪ? ಕೂಮ ಎಷ್ಟ್ ಚೆನ್ನಾಗಿ ಸಂದು ಮುಚ್ಚಿದಾನೆ ನೋಡು."

"ಹೂಂ ಪುಟ್ಟಾ," ಅಂದ ಯೆರ್ಕೊ. "ಅವನ ಕೈಗುಣ."